ದ್ರಾಕ್ಷಿ ಸೀಳಿ ಕೊಡೋದು ನಖರಾ ಅಲ್ರಿ

ನೈಟ್ ಡ್ಯೂಟಿ ಮುಗಿಸಿ ಬಂದು ಬರೆಯುತ್ತಿದ್ದೇನೆ, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಇಲ್ಲಿ ಮೆಲ್ಬರ್ನ್‌ನಲ್ಲೂ ಈಗ ದ್ರಾಕ್ಷಿ ಸುಗ್ಗಿ. ಮಿಲ್ಡುರಾ ಕಡೆ ಬೆಳೆಯುತ್ತಾರೆ. ನಮ್ಮ ಥಾಮ್ಸನ್ ಸೀಡ್‌ಲೆಸ್‌ಗೆ ಇಲ್ಲಿ ಸುಲ್ತಾನಾ ಅಂತ ಹೆಸರು. ಮೊನ್ನೆ ಕ್ವೀನ್ ವಿಕ್ಟೋರಿಯಾ ಮಾರ್ಕೆಟ್ಟಿನಿಂದ ತಂದ ಹಣ್ಣನ್ನು ಉದ್ದಕ್ಕೆ ನಾಲ್ಕು ಸೀಳು ಮಾಡಿ ಮಗಳ ತಾಟಿಗೆ ಹಾಕುತ್ತಿದ್ದೆ. ವಿಡಿಯೋ ಕಾಲ್‌ನಲ್ಲಿ ಅವ್ವ ನಕ್ಕಳು: "ಯವ್ವಾ, ದ್ರಾಕ್ಷಿ ಸೈತ ಹೆಚ್ಚಿ ತಿನ್ನಸ್ತಿಯೇನು? ಪಡದಾಗ ಗೊನಿಗೇ ಬಾಯಿ ಹಾಕಿ ಬೆಳದಾಕಿ ನೀ!" ಹಿಂದೆ ಕಾಕುನೂ ನಕ್ಕರು.

ನಗಲಿ, ಬೇಜಾರಿಲ್ಲ. ಆದರೆ ಈ ವಿಷಯದಲ್ಲಿ ನಾನು ಸೋಲೋದಿಲ್ಲ. ಐದು ವರ್ಷದೊಳಗಿನ ಮಕ್ಕಳಿಗೆ ಇಡೀ ದ್ರಾಕ್ಷಿ ಕೊಡಬಾರದು.

ದ್ರಾಕ್ಷಿ ನುಣುಪು, ಒತ್ತಿದರೆ ಬಗ್ಗುತ್ತದೆ. ಕೂಸಿನ ಉಸಿರುನಾಳಕ್ಕೆ ಹೊಕ್ಕರೆ ಬಾಟಲಿಗೆ ಬೂಚು ಹಾಕಿದಂತೆ ಕೂತುಬಿಡುತ್ತದೆ. ಸಣ್ಣ ಮಕ್ಕಳು ಅಗಿಯೋದಕ್ಕಿಂತ ನುಂಗೋದೇ ಹೆಚ್ಚು. ಉಸಿರು ಪೂರ್ತಿ ಕಟ್ಟಿದ ಮಗು ಅಳೋದಿಲ್ಲ, ಕೆಮ್ಮೋದೂ ಇಲ್ಲ. ಪಕ್ಕದಲ್ಲಿ ಕೂತವರಿಗೂ ಗೊತ್ತಾಗದೇ ಹೋಗಬಹುದು.

"ನಾವೂ ತಿಂದೀವಿ, ಏನಾತು?" ಅನ್ನುತ್ತೀರಿ. ಹಾಗನ್ನೋಕೆ ಉಳಿದವರು ಮಾತ್ರ ಇರುತ್ತಾರೆ, ಉಳಿಯದವರು ಹೇಳೋಕೆ ಬರೋದಿಲ್ಲ. ಅಪ್ಪ ಗೊನೆಯಲ್ಲಿ ಕಾಯಿ ಉದುರಿಸೋದು, ಜಿ.ಎ. ದ್ರಾವಣದಲ್ಲಿ ಅದ್ದೋದು ಯಾಕೆ? ಹಣ್ಣು ದಪ್ಪ ಆಗಲಿ, ದರ ಸಿಗಲಿ ಅಂತ. ದಪ್ಪ ಹಣ್ಣು ಮಾರ್ಕೆಟ್ಟಿಗೆ ಚೊಲೊ, ಎರಡು ವರ್ಷದ ಕೂಸಿನ ಗಂಟಲಿಗಲ್ಲ.

ಅಡ್ಡಕ್ಕೆ ಕತ್ತರಿಸಿದರೆ ಸಾಲದು, ಗುಂಡಗೇ ಉಳಿಯುತ್ತದೆ. ಉದ್ದಕ್ಕೇ ನಾಲ್ಕು ಸೀಳು ಮಾಡಿ. ಇಡೀ ಶೇಂಗಾನೂ ಬೇಡ. ಮಗುವನ್ನು ಕೂರಿಸಿ ತಿನ್ನಿಸಿ, ಓಡುತ್ತಾ ಆಡುತ್ತಾ ಬೇಡ.

ಸಿಕ್ಕಿಹಾಕಿಕೊಂಡರೆ? ಜೋರಾಗಿ ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಿ. ಸದ್ದೇ ಇಲ್ಲದಿದ್ದರೆ ಮಗುವನ್ನು ಮುಂದಕ್ಕೆ ಬಗ್ಗಿಸಿ, ಬೆನ್ನಿನ ಮೇಲೆ ಎರಡೂ ಹೆಗಲ ಎಲುಬಿನ ನಡುವೆ ಅಂಗೈ ಬುಡದಿಂದ ಐದು ಸಲ ಗಟ್ಟಿಯಾಗಿ ಬಡಿಯಿರಿ. ಇನ್ನೊಬ್ಬರು 108ಕ್ಕೆ ಫೋನ್ ಮಾಡಲಿ. ಕಣ್ಣಿಗೆ ಕಾಣದ್ದನ್ನು ಬೆರಳು ಹಾಕಿ ತಡಕಬೇಡಿ, ಇನ್ನೂ ಒಳಗೆ ಹೋಗುತ್ತದೆ.

ಫೆಬ್ರವರಿಗೆ ಊರಿಗೆ ಬರುತ್ತಿದ್ದೇವೆ. ಅಪ್ಪ ಮೊಮ್ಮಗಳನ್ನು ತಿಕೋಟಾದ ಪಡಕ್ಕೆ ಕರೆದುಕೊಂಡು ಹೋಗೋಕೆ ಈಗಲೇ ದಿನ ಎಣಿಸುತ್ತಿದ್ದಾರೆ. ಕರ್ಕೊಂಡ್ ಹೋಗ್ರಿ ಅಪ್ಪಾ, ಗೊನೆ ಮುಟ್ಟಲಿ, ಬಳ್ಳಿ ಕೆಳಗೆ ಆಡಲಿ. ಕಿಸೆಯಲ್ಲಿ ಒಂದು ಸಣ್ಣ ಚಾಕು ಇರಲಿ, ಅಷ್ಟೇ.

ಮನೆಯಲ್ಲಿ ಸಣ್ಣ ಮಕ್ಕಳಿರುವವರಿಗೆ ಇದನ್ನು ಓದಿ ಹೇಳಿ. ಫೋನ್ ನೋಡದ ಅಜ್ಜಿಯರಿಗೆ ಮೊದಲು ಹೇಳಿ.