ಹಳೆಯ ಔಷಧಕ್ಕೆ ಸಕಾಲದ ಜೊತೆ

ದೇಹದ ಇತರೆಡೆಗೆ ಹರಡಿದ ಪ್ರಾಸ್ಟೇಟ್ ಕ್ಯಾನ್ಸರಿಗೆ ಕಿಮೊಥೆರಪಿ ಕೊನೆಯ ಅಸ್ತ್ರವೆಂಬ ನಂಬಿಕೆಯನ್ನು ಕೈಬಿಡಬೇಕೆಂಬುದು ನನ್ನ ಅಭಿಪ್ರಾಯ. ಹಾರ್ಮೋನ್ ಚಿಕಿತ್ಸೆ ವಿಫಲವಾದ ಮೇಲೆ ನೀಡಿದ ಡೊಸಿಟಾಕ್ಸೆಲ್, 2004ರ ಅಧ್ಯಯನದಲ್ಲಿ, ಹಿಂದಿನ ಔಷಧಕ್ಕಿಂತ ಎರಡು ತಿಂಗಳ ಚಿಲ್ಲರೆ ಆಯಸ್ಸನ್ನಷ್ಟೇ ಹೆಚ್ಚಿಸಿತ್ತು. ಅದನ್ನೇ ಹಾರ್ಮೋನ್ ಚಿಕಿತ್ಸೆಯೊಡನೆ ಆರಂಭದಲ್ಲೇ ಕೊಟ್ಟಾಗ, 2015ರ ಅಮೆರಿಕದ ವರದಿಯಂತೆ, ಬದುಕುಳಿಯುವ ಅವಧಿಯ ಮಧ್ಯಾಂಕ 44ರಿಂದ 57.6 ತಿಂಗಳಿಗೇರಿತು. 2022ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಡಾರೊಲುಟಮೈಡ್ ಮಾತ್ರೆಯೂ ಜೊತೆಗೂಡಿದಾಗ ಸಾವಿನ ಅಪಾಯ ಮತ್ತೆ ಶೇ 32ರಷ್ಟು ತಗ್ಗಿತು.

ಆದರೆ ಜೋಡಿಸಿದ್ದೆಲ್ಲ ಫಲಿಸದು. ಡೊಸಿಟಾಕ್ಸೆಲ್‌ಗೆ ಬೆವಾಸಿಜುಮ್ಯಾಬ್ ಸೇರಿಸಿದಾಗ ಆಯಸ್ಸು ಹೆಚ್ಚಲಿಲ್ಲ, ಅಡ್ಡಪರಿಣಾಮ ಹೆಚ್ಚಿತು. ರೋಗ ವ್ಯಾಪಕವಾಗಿ ಹರಡಿದ್ದರೂ ಚಿಕಿತ್ಸೆ ತಾಳಬಲ್ಲವರಿಗೆ ಲಾಭ ಅಧಿಕ. ಡೊಸಿಟಾಕ್ಸೆಲ್ ನಮ್ಮ ರಾಷ್ಟ್ರೀಯ ಅಗತ್ಯ ಔಷಧಗಳ ಪಟ್ಟಿಯಲ್ಲಿದೆ. ದೇಹದಲ್ಲಿ ಕಸುವಿರುವಾಗಲೇ ಅದನ್ನು ಬಳಸುವ ವಿವೇಕ ಬೇಕಾಗಿದೆ.