ಐದು ಅತಿಚಾರಗಳೂ ಪ್ರಾಣಿರಕ್ಷಕನ ವೃತ್ತಿಯೂ

ಪ್ರಾಣಿರಕ್ಷಣೆ ಎಂದೊಡನೆ ಕಟುಕನ ಕತ್ತಿಯೋ ಬೇಟೆಗಾರನ ಬಂದೂಕೋ ನಮ್ಮ ಕಣ್ಣಮುಂದೆ ಬರುತ್ತದೆ. ಆದರೆ ಪ್ರಾಣಿದಯಾ ಸಂಸ್ಥೆಯೊಂದರ ರಕ್ಷಣಾಧಿಕಾರಿಯಾಗಿ ಹಳ್ಳಿಗಾಡಿನಲ್ಲಿ ದುಡಿಯುವವನಿಗೆ ಬಹುಪಾಲು ಎದುರಾಗುವವರು ಇವರಿಬ್ಬರೂ ಅಲ್ಲ. ಎತ್ತನ್ನು ಮನೆಮಗನಂತೆ ಸಾಕಿದ ರೈತ, ಹೋರಿಗೆ ಝೂಲ ಹೊದಿಸಿ ಮೆರೆಸುವ ಯುವಕ, ಜಿಂಕೆಯ ಮರಿಯನ್ನು ಕನಿಕರದಿಂದ ಎತ್ತಿ ತಂದ ಬಾಲಕ, ಇಂಥವರೇ ಅವನ ಮುಂದೆ ನಿಲ್ಲುವವರು. ಪ್ರೀತಿಯಿರುವಲ್ಲಿಯೂ ಹಿಂಸೆ ನಡೆಯಬಲ್ಲುದು. ಈ ವೃತ್ತಿಯ ಕಷ್ಟವೆಲ್ಲ ಅಲ್ಲಿಯೇ ಇದೆ.

ಈ ಸತ್ಯವನ್ನು ನಮ್ಮ ಆಚಾರ್ಯರು ಬಹು ಹಿಂದೆಯೇ ಗುರುತಿಸಿದ್ದರು. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಅಹಿಂಸಾಣುವ್ರತಕ್ಕೆ ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ ಎಂದು ಐದು ಅತಿಚಾರಗಳನ್ನು ಹೇಳುತ್ತದೆ. ಇಲ್ಲಿ ‘ವಧ’ ಎಂದರೆ ಕೊಲ್ಲುವುದಲ್ಲ, ಕೋಲು ಚಾವಟಿಗಳಿಂದ ಹೊಡೆಯುವುದು ಎಂದು ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಸ್ಪಷ್ಟಪಡಿಸುತ್ತಾರೆ. ಕೊಲೆಯನ್ನು ವ್ರತಿಯು ಮೊದಲೇ ತ್ಯಜಿಸಿರುತ್ತಾನೆ ಎಂಬುದು ಅವರ ತರ್ಕ. ಅಂದರೆ ಈ ಪಟ್ಟಿಯು ಕಟುಕನನ್ನು ಉದ್ದೇಶಿಸಿದ್ದಲ್ಲ. ಕೊಟ್ಟಿಗೆಯಲ್ಲಿ ದನಗಳನ್ನು ಕಟ್ಟಿಕೊಂಡ, ತಾನು ದಯಾವಂತನೆಂದೇ ನಂಬಿದ ಗೃಹಸ್ಥನನ್ನು ಉದ್ದೇಶಿಸಿದ್ದು.

1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೆಯ ಕಲಮನ್ನು ಇದರ ಪಕ್ಕದಲ್ಲಿಟ್ಟು ಓದಿದರೆ ಆಶ್ಚರ್ಯವಾಗುತ್ತದೆ. ಹೊಡೆಯುವುದು, ಮಿತಿಮೀರಿ ಹೊರಿಸುವುದು, ಇಕ್ಕಟ್ಟಿನಲ್ಲಿ ಕಟ್ಟಿಹಾಕುವುದು, ಅಂಗಚ್ಛೇದ, ಮೇವು ನೀರು ಕೊಡದಿರುವುದು: ಐದೂ ಅಲ್ಲಿವೆ. ಆದರೆ ಮೊದಲ ಅಪರಾಧಕ್ಕೆ ಕಾಯ್ದೆ ವಿಧಿಸಿದ ದಂಡ 10 ರೂಪಾಯಿಯಿಂದ 50 ರೂಪಾಯಿ. ಇಷ್ಟು ಸಣ್ಣ ದಂಡದ ಭಯದಿಂದ ಯಾರೂ ತಿದ್ದಿಕೊಳ್ಳಲಾರರು. ತಿದ್ದಬೇಕಾದುದು ಮನುಷ್ಯನ ಮಾತು, ಅದೂ ಬಲ್ಲವನ ಮಾತು.

ಹಾವೇರಿ ಸೀಮೆಯನ್ನೇ ನೋಡೋಣ. ದೀಪಾವಳಿಯ ತರುವಾಯ ಇಲ್ಲಿ ಹೋರಿ ಹಬ್ಬದ ಕಾಲ. ಕೊಬ್ಬರಿಯ ಹಾರ ಕಟ್ಟಿದ ಹೋರಿ ಜನಸಾಗರದ ನಡುವೆ ಓಡುತ್ತದೆ. ಹಾರ ಕೀಳಲು ಯುವಕರು ಮೈಮೇಲೆ ಬೀಳುತ್ತಾರೆ. ಜನರೂ ಗಾಯಗೊಳ್ಳುತ್ತಾರೆ, ಸತ್ತದ್ದೂ ಉಂಟು. ಜಲ್ಲಿಕಟ್ಟು ಮತ್ತು ಗಾಡಿ ಓಟಗಳನ್ನು ಸರ್ವೋಚ್ಚ ನ್ಯಾಯಾಲಯವು 2014ರಲ್ಲಿ ನಿಷೇಧಿಸಿತು; 2023ರ ಮೇ 18ರಂದು ಸಂವಿಧಾನ ಪೀಠವು ತಮಿಳುನಾಡು, ಕರ್ನಾಟಕ, ಮಹಾರಾಷ್ಟ್ರಗಳ ತಿದ್ದುಪಡಿಗಳನ್ನು ಎತ್ತಿಹಿಡಿಯಿತು. ಈ ವಾದವಿವಾದ ಏನೇ ಇರಲಿ, ಅಖಾಡದ ಅಂಚಿನಲ್ಲಿ ನಿಂತ ರಕ್ಷಕನ ಪ್ರಶ್ನೆ ಬೇರೆ. ವರ್ಷವಿಡೀ ಹಿಂಡಿ, ಹುರುಳಿ ತಿನ್ನಿಸಿದ ಒಡೆಯನಿಗೆ ‘ನೀನು ಕ್ರೂರಿ’ ಎಂದರೆ ಅವನು ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ. ‘ಹೋರಿ ಏದುಸಿರು ಬಿಡುತ್ತಿದೆ, ಕಾಲು ಊರುತ್ತಿಲ್ಲ, ಇವತ್ತು ಬಿಡಬೇಡ’ ಎಂದು ದನದ ಮೈಬಲ್ಲವನೊಬ್ಬ ಹೇಳಿದರೆ ಕೇಳಿಯಾನು.

ಬ್ಯಾಡಗಿಯಲ್ಲಿ ಸಮಸ್ಯೆ ಬಿಸಿಲಿನದು, ಭಾರದ್ದು. ಮೆಣಸಿನಕಾಯಿಯ ಚೀಲಗಳು ಇಂದು ಪೇಟೆಗೆ ಹೆಚ್ಚಾಗಿ ಲಾರಿಗಳಲ್ಲಿ ಬರುತ್ತವೆ. ಆದರೆ ಹೊಲದಲ್ಲಿ ಚಕ್ಕಡಿ ಇನ್ನೂ ಇದೆ. 1965ರ ನಿಯಮಗಳ ಪ್ರಕಾರ ದುಡಿಮೆಯ ದನವನ್ನು ದಿನಕ್ಕೆ ಒಟ್ಟು 9 ಗಂಟೆ, ಬಿಡುವಿಲ್ಲದೆ 5 ಗಂಟೆ ಮೀರಿ ದುಡಿಸಕೂಡದು; ತಾಪ 37 ಡಿಗ್ರಿ ಮೀರಿದೆಡೆ ಮಧ್ಯಾಹ್ನ 12ರಿಂದ 3ರವರೆಗೆ ಹೂಡಲೇಕೂಡದು. ಆದರೆ ಈ ನಿಯಮವನ್ನು ರೈತನಿಗೆ ತಿಳಿಸುವವರು ಯಾರು? ನೊಗದಡಿಯ ಹೆಗಲ ಹುಣ್ಣನ್ನು ಬೆರಳಿನಿಂದ ಮುಟ್ಟಿ ತೋರಿಸಿ, ಮದ್ದು ಹಚ್ಚಿ, ನೊಗವನ್ನು ಸರಿಪಡಿಸಿಕೊಡುವವನೇ ನಿಯಮವನ್ನೂ ತಿಳಿಸಬಲ್ಲ.

ರಾಣೆಬೆನ್ನೂರಿನಲ್ಲಿ ತಪ್ಪು ಕನಿಕರದಿಂದಲೇ ಹುಟ್ಟುತ್ತದೆ. 1974ರಲ್ಲಿ ಘೋಷಿತವಾದ, 119 ಚದರ ಕಿಲೋಮೀಟರಿನ ಕೃಷ್ಣಮೃಗ ಅಭಯಾರಣ್ಯ ಇಲ್ಲಿದೆ. ಮೃಗಗಳು ಅದರ ಗಡಿ ದಾಟಿ ಗೋವಿನಜೋಳದ ಹೊಲಗಳಿಗೆ ಬರುತ್ತವೆ. ತಾಯಿಯು ಎಳೆಮರಿಯನ್ನು ಹುಲ್ಲಿನಲ್ಲಿ ಅಡಗಿಸಿಟ್ಟು ದೂರ ಮೇಯಲು ಹೋಗುವುದು ಇವುಗಳ ಸ್ವಭಾವ. ಒಂಟಿ ಮರಿಯನ್ನು ಕಂಡವನು ಅನಾಥವೆಂದು ಎತ್ತಿ ಮನೆಗೆ ತಂದರೆ ತಾಯಿ ಮರಿಗಳನ್ನು ಅಗಲಿಸಿದಂತಾಯಿತು. ಬೆಳೆದ ಮೃಗವನ್ನು ಅಟ್ಟಿ ಹಿಡಿದರೆ ಗಾಯವಿಲ್ಲದೆಯೂ ಅದು ಸಾಯಬಹುದು: ಭಯ ಮತ್ತು ಅತಿಶ್ರಮದಿಂದ ಸ್ನಾಯುಗಳು ಒಡೆದು, ಕೆಲವು ಗಂಟೆ ಅಥವಾ ದಿನಗಳ ನಂತರ ಪ್ರಾಣ ಹೋಗುತ್ತದೆ. ಕಣ್ಣಿಗೆ ಬಟ್ಟೆ ಕಟ್ಟಿ, ಗದ್ದಲ ನಿಲ್ಲಿಸಿ, ಗುಂಪನ್ನು ಚದುರಿಸಿ, ಅರಣ್ಯ ಇಲಾಖೆಯವರು ಬರುವವರೆಗೆ ಮುಟ್ಟದೆ ಕಾಯಬೇಕು. ಇಲ್ಲಿ ದಯೆಗಿಂತ ಮೊದಲು ಜ್ಞಾನ ಬೇಕು.

ಹೀಗಿರುವಾಗ ರಕ್ಷಕನು ಅರ್ಧ ಪಶುವೈದ್ಯ, ಅರ್ಧ ವಕೀಲ, ಎಲ್ಲಕ್ಕಿಂತ ಹೆಚ್ಚಾಗಿ ಊರವರ ನಂಬಿಕೆ ಗಳಿಸಿದ ಮನುಷ್ಯನಾಗಿರಬೇಕು. ಸರ್ಕಾರ ಅಧಿಕಾರ ಕೊಡದ ಹೊರತು ಅವನು ಯಾರ ಪ್ರಾಣಿಯನ್ನೂ ವಶಪಡಿಸಿಕೊಳ್ಳಲಾರ. ಮಾತೇ ಅವನ ಆಯುಧ. ಇಂಥ ಕೆಲಸವನ್ನು ರಜಾದಿನದ ಉತ್ಸಾಹಿಗಳ ಮೇಲೆ ಬಿಟ್ಟರೆ ಸಾಕೆ? ಪ್ರತಿ ಜಿಲ್ಲೆಗೂ ಪ್ರಾಣಿಹಿಂಸೆ ತಡೆ ಸಂಘ ಇರಬೇಕೆಂದು, ಅದಕ್ಕೆ ಚಿಕಿತ್ಸಾಲಯ ಮತ್ತು ಆಶ್ರಯತಾಣಗಳು ಬೇಕೆಂದು 2001ರ ನಿಯಮಗಳು ಹೇಳುತ್ತವೆ. ಆದರೆ ಕಟ್ಟಡ ಪ್ರಾಣಿಯ ಬಳಿಗೆ ನಡೆದು ಹೋಗುವುದಿಲ್ಲ. ನಡೆದು ಹೋಗುವವನಿಗೆ ಸಂಬಳ ಬೇಕು.

ದಯೆಗೆ ಸಂಬಳ ಪಡೆದರೆ ಅದು ದಯೆ ಹೇಗಾದೀತು ಎಂದು ಕೆಲವರು ಕೇಳಬಹುದು. ಈ ಆಕ್ಷೇಪಕ್ಕೆ ನಮ್ಮ ವೀರಗಲ್ಲುಗಳೇ ಉತ್ತರ. ಹಾವೇರಿ ಜಿಲ್ಲೆಯೂ ಸೇರಿ ಕನ್ನಡ ನಾಡಿನ ಹಳ್ಳಿ ಹಳ್ಳಿಗಳಲ್ಲಿ ತುರುಗೊಳ್ ಕಾಳಗದ ಕಲ್ಲುಗಳು ನಿಂತಿವೆ. ಊರ ದನಗಳನ್ನು ಬಿಡಿಸಿ ತರಲು ಹೋಗಿ ಮಡಿದವರ ನೆನಪು ಅವು. ಅಂಥವರ ಮನೆತನಕ್ಕೆ ನೆತ್ತರುಗೊಡಗೆಯಾಗಿ ಭೂಮಿ ಬಿಟ್ಟ ಉದಾಹರಣೆಗಳು ಶಾಸನಗಳಲ್ಲಿ ಹೇರಳ. ದನವನ್ನು ಉಳಿಸುವುದು ಊರಿನ ಕೆಲಸ, ಉಳಿಸಿದವನ ಹೊಣೆ ಊರಿನದು ಎಂದು ಆ ಜನ ತಿಳಿದಿದ್ದರು. ಅವನ ಪರಾಕ್ರಮಕ್ಕೆ ಅದರಿಂದ ಕುಂದು ಬಂದಿತೆಂದು ಯಾರೂ ಬಗೆಯಲಿಲ್ಲ.

ಇಂದು ಗೋಶಾಲೆಗೆ ಮೇವು ಕೊಡಿಸುವ, ನೀರಿನ ತೊಟ್ಟಿಯ ಮೇಲೆ ಹೆಸರು ಕೆತ್ತಿಸುವ ದಾನಿಗಳಿಗೆ ಕೊರತೆಯಿಲ್ಲ. ಅವೂ ಬೇಕು. ಆದರೆ ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ತಾಲೂಕುಗಳಿಗೆ ತಲಾ ಒಬ್ಬ ತರಬೇತಿ ಪಡೆದ ರಕ್ಷಕನ ವರ್ಷದ ವೇತನವನ್ನು ಹೊತ್ತುಕೊಳ್ಳುವ ದಾನಿ ಎಲ್ಲಿ? ಆಹಾರ, ಅಭಯ, ಔಷಧ, ಶಾಸ್ತ್ರ ಎಂಬ ಚತುರ್ವಿಧ ದಾನಗಳನ್ನು ನಾವು ಬೇರೆ ಬೇರೆಯಾಗಿ ಎಣಿಸುತ್ತೇವೆ. ಹಸಿದುದಕ್ಕೆ ಮೇವು, ಬೆದರಿದುದಕ್ಕೆ ಅಭಯ, ಗಾಯಕ್ಕೆ ಮದ್ದು, ಒಡೆಯನಿಗೆ ತಿಳಿವಳಿಕೆ: ನಾಲ್ಕನ್ನೂ ಒಂದೇ ದಿನದಲ್ಲಿ ಕೊಡುವ ಆ ಒಬ್ಬನ ಸಂಬಳಕ್ಕೆ ಸಲ್ಲುವ ದಾನವು ನಾಲ್ಕು ದಾನಗಳಿಗೂ ಸಲ್ಲುತ್ತದೆ.