ರಾಯಭಾರ ಕಚೇರಿಯ ಬಾಗಿಲು

1858ರ ಮೇ 29ರ ರಾತ್ರಿ ನರಗುಂದದ ಬಾಬಾಸಾಹೇಬರ ಕಡೆಯವರು ಸುರೇಬಾನದಲ್ಲಿ ಬೀಡುಬಿಟ್ಟಿದ್ದ ಬ್ರಿಟಿಷ್ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್‌ನನ್ನು ಕೊಂದು, ಅವನ ರುಂಡವನ್ನು ನರಗುಂದದ ಅಗಸೆಗೆ ತೂಗುಹಾಕಿದರು. ಕೆಲವೇ ದಿನಗಳಲ್ಲಿ ಕೋಟೆ ಕೈಬಿಟ್ಟಿತು. ತಲೆಮರೆಸಿಕೊಂಡ ಬಾಬಾಸಾಹೇಬರು ತೊರಗಲ್ಲಿನ ಬಳಿ ಸೆರೆಸಿಕ್ಕಿ, ಜೂನ್ 12ರಂದು ಬೆಳಗಾವಿಯಲ್ಲಿ ಗಲ್ಲಿಗೇರಿದರು. ಕಂಪನಿ ಸರ್ಕಾರದ ಕಣ್ಣಿಗೆ ಅವರು ಕೊಲೆಗಾರ. ರೋಣ, ನರಗುಂದ, ಗಜೇಂದ್ರಗಡದ ಮನೆಮನೆಗಳಲ್ಲಿ ಹುತಾತ್ಮ. ಸರ್ಕಾರವೊಂದು ಬೆನ್ನಟ್ಟಿದ ಮನುಷ್ಯನನ್ನು ಆ ಸರ್ಕಾರದ ಮಾತಿನಿಂದಲೇ ಅಳೆಯಲಾಗದೆಂಬುದನ್ನು ನಾವು ಹೊರಗಿನವರಿಂದ ಕಲಿಯಬೇಕಾಗಿಲ್ಲ. ರಾಯಭಾರಿಯ ರಕ್ತ ಚೆಲ್ಲಬಾರದೆಂಬುದೂ ಹಳೆಯ ಧರ್ಮವೇ. ಮ್ಯಾನ್ಸನ್ ರಾಯಭಾರಿಯೋ, ದೊರೆಗಳ ಮೇಲಿನ ಕಾವಲುಗಾರನೋ ಎಂಬ ವಾದ ಬೇರೆ.

ಆ ಧರ್ಮಕ್ಕೆ ಇಂದು ಲಿಖಿತ ರೂಪವಿದೆ. 1961ರ ವಿಯೆನ್ನಾ ಒಪ್ಪಂದದ 22ನೆಯ ವಿಧಿಯಂತೆ, ಮುಖ್ಯಸ್ಥರ ಒಪ್ಪಿಗೆಯಿಲ್ಲದೆ ರಾಯಭಾರ ಕಚೇರಿಯ ಹೊಸ್ತಿಲನ್ನು ಆ ದೇಶದ ಪೊಲೀಸರು ದಾಟುವಂತಿಲ್ಲ. ಆದರೆ ಓಡಿಬಂದವರಿಗೆ ಅಲ್ಲಿ ಆಶ್ರಯ ನೀಡುವ ಹಕ್ಕನ್ನು ಒಪ್ಪಂದ ಎಲ್ಲಿಯೂ ಹೇಳುವುದಿಲ್ಲ. ನೆಲದ ಕಾನೂನನ್ನು ಗೌರವಿಸಬೇಕೆಂದು 41ನೆಯ ವಿಧಿ ವಿಧಿಸುತ್ತದೆ. ಕದ ಒಡೆಯುವಂತಿಲ್ಲ, ಒಳಗೆ ಬಚ್ಚಿಡುವ ಹಕ್ಕೂ ಇಲ್ಲ. ಕೊನೆಗೆ ನಿರ್ಧಾರ ಉಳಿಯುವುದು ಕದ ಕಾಯುವವನ ಆತ್ಮಸಾಕ್ಷಿಗೆ.

ಶ್ರೀಸಭೆಗೂ ಈ ಇಕ್ಕಟ್ಟು ಒದಗಿತ್ತು. 1989ರ ಡಿಸೆಂಬರ್ 24ರಂದು ಪನಾಮಾದ ಸರ್ವಾಧಿಕಾರಿ ನೊರಿಯೇಗಾ, ದಂಡೆತ್ತಿ ಬಂದಿದ್ದ ಅಮೆರಿಕದ ಸೇನೆಯಿಂದ ತಪ್ಪಿಸಿಕೊಂಡು ಜಗದ್ಗುರು ಪೋಪರ ರಾಯಭಾರಿಯ ನಿವಾಸವನ್ನು ಹೊಕ್ಕ. ಅವನ ಮೇಲೆ ಮಾದಕವಸ್ತು ಸಾಗಣೆಯ ಆರೋಪವಿತ್ತು. ಸೈನಿಕರು ಮನೆಯನ್ನು ಸುತ್ತುವರಿದು ಕಿವಿಗಡಚಿಕ್ಕುವ ಸಂಗೀತವನ್ನು ಮೊಳಗಿಸಿದರು. ರಾಯಭಾರಿ ಮಹಾಧರ್ಮಾಧ್ಯಕ್ಷ ಲಬೋವಾ ಅವರು ಅತಿಥಿಯನ್ನು ಹೊರದಬ್ಬಲಿಲ್ಲ. ಇಲ್ಲಿಯೇ ಇದ್ದುಬಿಡೆಂಬ ಭರವಸೆಯನ್ನೂ ಕೊಡಲಿಲ್ಲ. ತಾಳ್ಮೆಯಿಂದ ಮಾತಾಡಿ ಮನವೊಲಿಸಿದರು. 1990ರ ಜನವರಿ 3ರಂದು ಅವನು ತಾನಾಗಿ ನಡೆದು ಹೊರಬಂದು ಶರಣಾದ. ಹಳೆಯ ಒಡಂಬಡಿಕೆಯ ಆರು ಆಶ್ರಯನಗರಗಳ ತಿರುಳೂ ಇದೇ ಅಲ್ಲವೇ? ಓಡಿಬಂದವನು ಸಭೆಯ ಮುಂದೆ ವಿಚಾರಣೆಗೆ ನಿಲ್ಲುವವರೆಗೆ ಅಲ್ಲಿ ಅವನ ಜೀವಕ್ಕೆ ರಕ್ಷಣೆ, ವಿಚಾರಣೆಯಿಂದಲೇ ರಕ್ಷಣೆಯಲ್ಲ.

ಈ ಭೇದ ಮರೆತವರನ್ನು ನಮ್ಮ ರಾಜ್ಯವೂ ಕಂಡಿದೆ. 2024ರ ಏಪ್ರಿಲ್‌ನಲ್ಲಿ ಲೈಂಗಿಕ ದೌರ್ಜನ್ಯದ ಆರೋಪಗಳು ಹೊರಬೀಳುತ್ತಿದ್ದಂತೆ, ಹಾಸನದ ಅಂದಿನ ಸಂಸದ ಪ್ರಜ್ವಲ್ ರೇವಣ್ಣ ರಾಜತಾಂತ್ರಿಕ ಪಾಸ್‌ಪೋರ್ಟಿನಲ್ಲಿ ಜರ್ಮನಿಗೆ ತೆರಳಿದರು. ಆ ಪಾಸ್‌ಪೋರ್ಟು ವೀಸಾ ಇಲ್ಲದೆ ಗಡಿ ದಾಟಿಸೀತೇ ಹೊರತು ನ್ಯಾಯಾಲಯದಿಂದ ವಿನಾಯಿತಿ ಕೊಡದು. ಮೇ 31ರಂದು ಬೆಂಗಳೂರಿಗೆ ಮರಳಿದೊಡನೆ ಅವರ ಬಂಧನವಾಯಿತು.

ಹಾಗೆಂದು ರಾಯಭಾರ ಕಚೇರಿಯ ರಕ್ಷಣೆಯನ್ನೇ ಸಡಿಲಿಸಬೇಕೆನ್ನುವವರೊಡನೆ ನಾವಿಲ್ಲ. ಗಲ್ಫ್ ದೇಶಗಳಿಗೆ ಮನೆಗೆಲಸಕ್ಕೆ ಹೋದ ಹೆಣ್ಣುಮಗಳು ಹೊಡೆತ ತಾಳಲಾರದೆ ಮಾಲೀಕನ ಮನೆ ಬಿಟ್ಟರೆ, ‘ಪರಾರಿ’ಯೆಂದು ಅವಳ ಮೇಲೆಯೇ ದೂರು ದಾಖಲಾಗುವುದುಂಟು. ಪಾಸ್‌ಪೋರ್ಟೂ ಎಷ್ಟೋ ಸಲ ಮಾಲೀಕನ ಕೈಯಲ್ಲೇ. ಅವಳಿಗೆ ಉಳಿದದ್ದು ಭಾರತದ ರಾಯಭಾರ ಕಚೇರಿಯ ಬಾಗಿಲೊಂದೇ. ಕುವೈತ್ ಮೊದಲಾದೆಡೆ ಇಂಥವರಿಗಾಗಿ ನಮ್ಮ ಕಚೇರಿಗಳು ತಂಗುದಾಣ ನಡೆಸಿವೆ. ಮಗಳನ್ನು ಕಳುಹಿಸುವ ಮನೆಯವರು ಅವಳ ಪಾಸ್‌ಪೋರ್ಟಿನ ಪ್ರತಿಯನ್ನು ತಮ್ಮಲ್ಲಿಟ್ಟುಕೊಂಡು, ಆ ಕಚೇರಿಯ ವಿಳಾಸ ಹಾಗೂ ದೂರವಾಣಿ ಸಂಖ್ಯೆಯನ್ನು ಹೊರಡುವ ಮುನ್ನವೇ ಅವಳಿಗೆ ಬಾಯಿಪಾಠ ಮಾಡಿಸಲಿ. ಧರ್ಮಕೇಂದ್ರದ ಗುರುಗಳಲ್ಲಿಯೂ ಅದರ ಒಂದು ಪ್ರತಿ ಇರಲಿ.